ಶಂಕರಹೊಂಡದ ನೀರು ತದಡಿಗೆ ಹೋಗುತ್ತದೆ

ಎಲ್ಲರಿಗೂ ನಮಸ್ಕಾರ. ಶನಿವಾರ ಸಂಜೆ ಮನೆ ಕೆಲಸ ಬಿಟ್ಟು ಇಷ್ಟು ಜನ ಬಂದಿದ್ದೀರಿ, ತುಂಬಾ ಖುಷಿಯಾಯಿತು.

ಶಿರಸಿಯಲ್ಲಿ ಪರಿಸರ ಅಂದ ಕೂಡಲೇ ಎಲ್ಲರೂ ಕಾಡಿನ ಕಡೆ ಕೈ ತೋರಿಸುತ್ತಾರೆ. 1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿಯ ಜನ ಕಾಡಿಗೆ ಹೋಗಿ ಮರ ಅಪ್ಪಿಕೊಂಡು ನಿಂತರು, ಮರ ಕಡಿಯುವುದನ್ನು ತಡೆಯುವ ಅಪ್ಪಿಕೋ ಚಳವಳಿ ಶುರುವಾಯಿತು. ಆ ಕಥೆ ಕೇಳುತ್ತಲೇ ನಾನು ಬೆಳೆದೆ. ಇವತ್ತು ಮಾತ್ರ ಪೇಟೆಯ ಬಗ್ಗೆ ಮಾತಾಡುತ್ತೇನೆ. ನಮ್ಮ ಮನೆ ಹಿಂದಿನ ಗಟಾರ, ಬಟ್ಟೆ ಒಗೆದ ಸೋಪಿನ ನೀರು, ಊರ ಮಧ್ಯದ ಹೊಂಡ, ಇವನ್ನೆಲ್ಲ ನೋಡಿಕೊಳ್ಳುವ ಊರಿನ ಸಂಘಗಳು, ಇವುಗಳ ಬಗ್ಗೆ.

ಅಘನಾಶಿನಿ ನದಿ ಹುಟ್ಟುವುದು ಎಲ್ಲಿ? ನಮ್ಮ ಶಂಕರಹೊಂಡದಲ್ಲಿ ಅಂತ ಹಿರಿಯರು ಹೇಳುತ್ತಾರೆ, ಅಲ್ವಾ? ಮಂಜುಗುಣಿ ಕಡೆಯ ಇನ್ನೊಂದು ಹಳ್ಳವನ್ನು ಸೇರಿಸಿಕೊಂಡು, ಉಂಚಳ್ಳಿಯಲ್ಲಿ ಧುಮುಕಿ, ಸುಮಾರು 120 ಕಿಲೋಮೀಟರ್ ಹರಿದು ತದಡಿ ಹತ್ತಿರ ಸಮುದ್ರ ಸೇರುತ್ತದೆ. ದಾರಿಯಲ್ಲಿ ಒಂದು ದೊಡ್ಡ ಅಣೆಕಟ್ಟೂ ಇಲ್ಲ. ಅಲ್ಲಿ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಹೆಂಗಸರು ಸೊಂಟದವರೆಗೆ ನೀರಿನಲ್ಲಿ ನಿಂತು ಬೆಳಚು, ಅಂದರೆ ತಿನ್ನುವ ಚಿಪ್ಪುಮೀನು, ಹೆಕ್ಕುತ್ತಾರೆ. ಅವರ ಮನೆ ನಡೆಯುವುದೇ ಅದರಿಂದ. 2024ರ ಜನವರಿಯಲ್ಲಿ ಆ ಅಳಿವೆಯ 4801 ಹೆಕ್ಟೇರ್, ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಎಷ್ಟು ದೊಡ್ಡ ಗೌರವ! ಆದರೆ ಆ ನದಿಯ ತಲೆಯ ಮೇಲೆ ಕೂತವರು ನಾವು. ನಾವು ಇಲ್ಲಿ ಬಿಟ್ಟಿದ್ದು ಅಲ್ಲಿಗೆ ಇಳಿಯುತ್ತದೆ.

ಇನ್ನೊಂದು ವಿಷಯ ನನ್ನನ್ನು ಬಹಳ ಕಾಡುತ್ತದೆ. ನಮ್ಮಲ್ಲಿ ವರ್ಷಕ್ಕೆ ಹತ್ತಿರ ಹತ್ತಿರ 2500 ಮಿಲಿಮೀಟರ್ ಮಳೆ. ಆದರೂ ಏಪ್ರಿಲ್ ಬಂತೆಂದರೆ ಕೆಲವು ಕೇರಿಗಳಲ್ಲಿ ಟ್ಯಾಂಕರ್ ದಾರಿ ಕಾಯಬೇಕು. ಕೆಂಗ್ರೆ, ಮಾರಿಗದ್ದೆಯ ಹೊಳೆಗಳಿಂದ ನೀರು ತರುತ್ತೇವೆ, ಮನೆ ಅಂಗಳಕ್ಕೆ ಮಾತ್ರ ಸಿಮೆಂಟು ಹಾಕುತ್ತೇವೆ. ಬಿದ್ದ ಮಳೆ ಒಂದು ತಾಸು ಕೂಡ ನಿಲ್ಲದೆ ಓಡುತ್ತದೆ.

ಇಲ್ಲೇ ಸಂಘಗಳ ಕೆಲಸ ಕಾಣುವುದು. ಶ್ರೀನಿವಾಸ ಹೆಬ್ಬಾರ್ ಅವರ ಮುಂದಾಳತ್ವದ ಶಿರಸಿ ಜೀವಜಲ ಕಾರ್ಯಪಡೆ ಆನೆಹೊಂಡದ ಹೂಳೆತ್ತಿತು, ಮುಂದೆ ಬೇರೆ ಕೆರೆಗಳಿಗೂ ಕೈ ಹಾಕಿತು. ಹೂಳು ತೆಗೆದರೆ ಏನಾಗುತ್ತದೆ ಅಂತ ಹುಡುಗರು ಕೇಳುತ್ತಾರೆ. ನಮ್ಮದು ಜಂಬಿಟ್ಟಿಗೆ ನೆಲ. ತೂತು ತೂತಿನ ಕಲ್ಲು, ನೀರನ್ನು ಕುಡಿಯುತ್ತದೆ. ಕೆರೆಯ ತಳದಲ್ಲಿ ವರ್ಷಗಟ್ಟಲೆ ನುಣ್ಣನೆ ಕೆಸರು ಕೂತರೆ ಆ ತೂತು ಮುಚ್ಚಿಹೋಗುತ್ತದೆ, ನೀರು ನಿಂತರೂ ಕೆಳಗೆ ಇಳಿಯುವುದು ಕಷ್ಟ. ಕೆಸರು ತೆಗೆದರೆ ಸುತ್ತಲ ಬಾವಿಗಳಿಗೆ ಮತ್ತೆ ಒರತೆ ಬರುತ್ತದೆ. ಅದಕ್ಕೇ ಹೇಳುತ್ತೇನೆ, ದಂಡೆ ಚಂದ ಕಾಣಲಿ ಅಂತ ಕೆರೆಗೆ ಸುತ್ತಲೂ ಕಾಂಕ್ರೀಟು ಬಳಿಯಬೇಡಿ. ಕಪ್ಪೆಗೆ ಮೇಲೆ ಹತ್ತಲೂ ಆಗುವುದಿಲ್ಲ.

ಜೆಸಿಬಿ ತಂದು ಹೂಳೆತ್ತುವುದು ಕೆಲವು ವಾರಗಳ ಕೆಲಸ. ಫೋಟೋ ಬರುತ್ತದೆ, ಊರಿಗೆಲ್ಲ ಖುಷಿ. ಕಷ್ಟ ಶುರುವಾಗುವುದು ಮರುವರ್ಷ. ನಮ್ಮ ಕೇರಿಯಲ್ಲಿ ಎರಡು ವರ್ಷದ ಹಿಂದೆ ಯಾರೋ ಮನೆ ಕಟ್ಟುವಾಗ ಅಗೆದ ಮಣ್ಣನ್ನೆಲ್ಲ ಮಳೆನೀರಿನ ಕಾಲುವೆಗೇ ಸುರಿದರು. ನಾನು ದಿನಾ ನೋಡುತ್ತಿದ್ದೆ, ಹೋಗಿ ಹೇಳಲಿಲ್ಲ. ಮೊದಲ ಮಳೆಗೆ ಆ ಮಣ್ಣು ಪೂರ್ತಿ ಹೊಂಡಕ್ಕೆ ಇಳಿಯಿತು. ಇವತ್ತಿಗೂ ನನಗೆ ಬೇಸರವಿದೆ. ಸೋಪಿನ ನೀರೂ ಹಾಗೆಯೇ, ಅದರಲ್ಲಿರುವ ರಂಜಕ (ಫಾಸ್ಫರಸ್) ನೀರ ಮೇಲೆ ತೇಲುವ ಅಂತರಗಂಗೆ ಕಳೆಗೆ ಗೊಬ್ಬರ. ಅದು ಹಬ್ಬಿ ಬೆಳಕು ಮುಚ್ಚುತ್ತದೆ, ಕೊಳೆತಾಗ ನೀರಿನ ಆಮ್ಲಜನಕ ಹೀರುತ್ತದೆ, ಮೀನು ಸಾಯುತ್ತವೆ.

ನಗರಸಭೆ ಇದೆಯಲ್ಲ, ಸಂಘ ಯಾಕೆ ಅಂತ ಕೇಳಬಹುದು. ನಗರಸಭೆಯ ಹತ್ತಿರ ಗಾಡಿ ಇದೆ, ಕಾನೂನಿದೆ. ಹಸಿ ಕಸ, ಒಣ ಕಸ, ಅಪಾಯದ ಕಸ ಅಂತ ಮನೆಯಲ್ಲೇ ಬೇರೆ ಮಾಡಬೇಕೆಂಬ ನಿಯಮ 2016ರಲ್ಲೇ ಬಂತು. ಆದರೆ ಪ್ರತಿ ಕೇರಿಯಲ್ಲಿ ದಿನಾ ನೋಡುವ ಕಣ್ಣು ಅದಕ್ಕಿಲ್ಲ. ಪಕ್ಕದ ಮನೆಯಕ್ಕ ಬಂದು, ತರಕಾರಿ ಸಿಪ್ಪೆಯನ್ನು ದರಕಿನ (ಒಣ ಎಲೆಯ) ಜೊತೆ ಹಾಕಿ ಗೊಬ್ಬರ ಮಾಡುವುದನ್ನು ಅಡಿಕೆ ಗಿಡದ ಬುಡದಲ್ಲೇ ತೋರಿಸಿದರೆ ಅದರ ತೂಕವೇ ಬೇರೆ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆಯ ಜಾತ್ರೆಗೆ ಲಕ್ಷಗಟ್ಟಲೆ ಜನ ಬರುತ್ತಾರೆ. ಆಗಿನ ಕಸಕ್ಕೂ ಬೇಕಾಗುವುದು ಇಂಥ ಅಕ್ಕಂದಿರೇ.

ನನ್ನ ಅಭಿಪ್ರಾಯ ಇಷ್ಟೇ. ಒಂದು ಸಂಘ ಊರೆಲ್ಲ ಹಚ್ಚಿಕೊಳ್ಳುವುದು ಬೇಡ. ಒಂದು ಹೊಂಡ, ಅದಕ್ಕೆ ನೀರು ತರುವ ಕಾಲುವೆಗಳು, ಆ ಕಾಲುವೆ ಪಕ್ಕದ ಮನೆಗಳು, ಇಷ್ಟನ್ನು ಹತ್ತು ವರ್ಷ ಹಿಡಿದುಕೊಳ್ಳಲಿ. ಮೇ ತಿಂಗಳಲ್ಲಿ ಕಾಲುವೆ ಬಿಡಿಸಿ, ಮಳೆಗಾಲದಲ್ಲಿ ಕೋಡಿ ನೋಡಿ, ಬೇಸಿಗೆಯಲ್ಲಿ ನಾಲ್ಕು ಬಾವಿಗಳ ನೀರಿನ ಮಟ್ಟ ಬರೆದಿಡಿ. ಬಂದ ದುಡ್ಡು, ಖರ್ಚಾದ ದುಡ್ಡು ಎರಡನ್ನೂ ಅಂಗಡಿ ಗೋಡೆಗೆ ಅಂಟಿಸಿ. ಲೆಕ್ಕ ಕಂಡರೆ ಜನ ಮತ್ತೆ ಕೊಡುತ್ತಾರೆ. ವರ್ಷಕ್ಕೊಮ್ಮೆ ನಮ್ಮ ಮಕ್ಕಳನ್ನು ತದಡಿಗೆ ಕರೆದುಕೊಂಡು ಹೋಗೋಣ, ಬೆಳಚು ಹೆಕ್ಕುವ ಅಮ್ಮಂದಿರ ಜೊತೆ ಕೂತು ಮಾತಾಡಲಿ.

ನಾಳೆ ಬೆಳಿಗ್ಗೆ 7 ಗಂಟೆಗೆ ನಮ್ಮ ಕೇರಿಯ ಆ ಕಾಲುವೆ ಹತ್ತಿರ ಸೇರುತ್ತೇವೆ. ಕತ್ತಿ, ಗುದ್ದಲಿ ಇದ್ದವರು ತನ್ನಿ. ಗೋಣಿಚೀಲ ಮತ್ತು ಚಹಾ ನಾವು ತರುತ್ತೇವೆ.