ಕಂಬಳಿ ಪೆಟ್ಟಿಗೆ ಮಾಡಿ, ಮರಕ್ಕೆ ಜಾಗ ಬಿಡಿ

ಎಲ್ರಿಗೂ ನಮಸ್ಕಾರ. ಹದಿನೈದು ನಿಮಿಷ ಮಾತಾಡಿ ಸಾರ್, ಹೊಸಬರಿಗೆ ಅರ್ಥ ಆಗೋ ಥರ ಇರ್ಲಿ, ಅಂತ ಹೇಳಿ ನನ್ನನ್ನ ಈ ಮೈಕ್ ಮುಂದೆ ಕೂರ್ಸಿದಾರೆ. ಮರಗೆಲಸ ಅನ್ನೋದು ಕೈಯಲ್ಲಿ ಹಿಡಿದು ತೋರ್ಸೋ ವಿಷಯ, ರೇಡಿಯೋದಲ್ಲಿ ತೋರ್ಸೋಕೆ ನನ್ನ ಹತ್ರ ಏನೂ ಇಲ್ಲ, ಬಾಯಿ ಒಂದೇ ಇರೋದು. ಹಾಗಾಗಿ ನೀವು ಯಾರು ಅಂತ ನಾನೇ ಒಂದು ಊಹೆ ಮಾಡ್ಕೊಂಡು ಬಂದಿದೀನಿ. ನಿಮ್ಮ ಮನೇಲಿ ಒಂದು ಗರಗಸ ಇದೆ, ಯಾರೋ ಕೊಟ್ಟ ಡ್ರಿಲ್ ಒಂದಿದೆ, ಅದನ್ನ ಗೋಡೆಗೆ ಫೋಟೋ ಹಾಕೋಕೆ ಎರಡು ಸಲ ಬಳಸಿದೀರಿ ಅಷ್ಟೇ. ಬೀರು ಮೇಲೆ ಕಂಬಳಿ, ರಗ್ಗು, ರಜಾಯಿ ಗುಡ್ಡೆ ಬಿದ್ದಿದೆ, ಒಂದನ್ನ ಎಳೆದ್ರೆ ನಾಲ್ಕು ತಲೆ ಮೇಲೆ ಬೀಳುತ್ತೆ. ಅಂಥವರಿಗೆ ಇವತ್ತಿನ ಮಾತು.

ಮೊದಲನೇ ಕೆಲಸಕ್ಕೆ ಕಂಬಳಿ ಪೆಟ್ಟಿಗೇನೇ ಯಾಕೆ ಅಂದ್ರೆ ಅದ್ರಲ್ಲಿ ಡ್ರಾಯರ್ ಇಲ್ಲ, ಬಾಗಿಲಿಲ್ಲ, ವಕ್ರ ಇಲ್ಲ. ಕುರ್ಚಿ ಮಾಡೋಕೆ ಹೋದ್ರೆ ಒಂದೊಂದು ಕಾಲೂ ಒಂದೊಂದು ಕಡೆ ವಾಲಿರುತ್ತೆ, ಹೊಸಬರು ಅಲ್ಲೇ ಕೈ ಚೆಲ್ತಾರೆ. ಪೆಟ್ಟಿಗೆ ಅಂದ್ರೆ ನಾಲ್ಕು ಗೋಡೆ, ಒಂದು ತಳ, ಒಂದು ಮುಚ್ಚಳ. ಒಂದು ಮಿಲಿಮೀಟರ್ ಆಚೆ ಈಚೆ ಆದ್ರೂ ನಿಮಗೆ ಬಿಟ್ಟು ಯಾರಿಗೂ ಕಾಣಲ್ಲ. ಒಂದು ಮೀಟರ್ ಉದ್ದ, 45 ಸೆಂಟಿಮೀಟರ್ ಅಗಲ, 45 ಎತ್ತರ, ಇದು ಒಳ್ಳೇ ಅಳತೆ, ಮೇಲೆ ಕೂತ್ಕೊಂಡು ಸಾಕ್ಸ್ ಹಾಕ್ಕೊಳ್ಳೋಕೂ ಆಗುತ್ತೆ. ಆದ್ರೆ ನನ್ನ ಮಾತು ಕೇಳಿ ಮರ ಕುಯ್ಯೋಕೆ ಹೋಗ್ಬೇಡಿ, ನಿಮ್ಮ ಮನೆಯ ದೊಡ್ಡ ಕಂಬಳಿ ಯಾವುದಿದೆಯೋ ಅದನ್ನ ಮಡಚಿ ನೆಲದ ಮೇಲಿಟ್ಟು ಟೇಪ್ ಹಿಡೀರಿ.

ಇವತ್ತು ನಾನು ಹೇಳೋಕೆ ಬಂದಿರೋದು ಒಂದೇ ವಿಷಯ. ಮರಕ್ಕೆ ಜಾಗ ಬಿಡಿ. ಬೇರೆ ಎಲ್ಲ ಮರೆತ್ರೂ ಪರವಾಗಿಲ್ಲ.

ಜಾಗ ಅಂದ್ರೆ ಏನು? ಪೊರಕೆ ಇದೆಯಲ್ಲ, ಕಡ್ಡಿ ಪೊರಕೆ, ಅದನ್ನ ಮನಸಲ್ಲಿ ತಂದ್ಕೊಳ್ಳಿ. ಮರ ಅಂದ್ರೆ ಅದೇನೇ, ಉದ್ದುದ್ದ ಕಡ್ಡಿಗಳ ಕಟ್ಟು. ಗಾಳೀಲಿ ತೇವ ಜಾಸ್ತಿ ಆದಾಗ ಒಂದೊಂದು ಕಡ್ಡಿನೂ ನೀರು ಕುಡಿದು ದಪ್ಪ ಆಗುತ್ತೆ, ಒಣ ಹವೆ ಬಂದಾಗ ಸಣ್ಣ ಆಗುತ್ತೆ. ದಪ್ಪ ಆಗುತ್ತೆ ಅಂದೆ, ಉದ್ದ ಆಗುತ್ತೆ ಅನ್ನಲಿಲ್ಲ. ಪೂರ್ತಿ ಆಟ ಇರೋದು ಇಲ್ಲೇ. ಹಲಗೆ ಅಗಲಕ್ಕೆ ಹಿಗ್ಗುತ್ತೆ, ಕುಗ್ಗುತ್ತೆ, ಉದ್ದಕ್ಕೆ ಮಾತ್ರ ಅಲ್ಲಾಡಲ್ಲ ಅಂತಾನೇ ಇಟ್ಕೊಳ್ಳಿ. ಎಷ್ಟು ಅಂದ್ರೆ ವರ್ಷದಲ್ಲಿ ಅಗಲದ 100ರಲ್ಲಿ 1 ಪಾಲು. 45 ಸೆಂಟಿಮೀಟರ್ ಅಗಲದ ಮುಚ್ಚಳಕ್ಕೆ ಲೆಕ್ಕ ಹಾಕಿದ್ರೆ ನಾಲ್ಕೈದು ಮಿಲಿಮೀಟರ್ ಆಯ್ತು. ಅಷ್ಟೇನಾ ಅಂತೀರಿ. ಆ ಅಷ್ಟೇನಾ ಅನ್ನೋದು ನನ್ನ ಮೊದಲನೇ ಪೆಟ್ಟಿಗೇನ ಹೇಗೆ ಸೀಳಾಕ್ತು ಅಂತ ಹೇಳ್ತೀನಿ ಕೇಳಿ.

ಮೂರು ತಿಂಗಳ ಭಾನುವಾರಗಳನ್ನ ಆ ಪೆಟ್ಟಿಗೆಗೆ ಕೊಟ್ಟಿದ್ದೆ. ಮುಚ್ಚಳಕ್ಕೆ ಅಷ್ಟು ಅಗಲದ ಒಂದೇ ಹಲಗೆ ಎಲ್ಲಿ ಸಿಗುತ್ತೆ, ಮೂರು ಹಲಗೆ ಪಕ್ಕಪಕ್ಕ ಅಂಟಿಸಿ 46 ಸೆಂಟಿಮೀಟರ್ ಮಾಡ್ಕೊಂಡಿದ್ದೆ. ಅದು ಬಾಗಬಾರ್ದು ಅಂತ ಕೆಳಗಡೆಯಿಂದ ಎರಡು ಅಡ್ಡಪಟ್ಟಿ ಕೊಟ್ಟೆ. ಪಟ್ಟಿಗೆ ಬರೀ ಸ್ಕ್ರೂ ಸಾಲದು ಅಂತ ನನ್ನ ಬುದ್ಧಿ ಹೇಳ್ತು, ಒಂದೊಂದಕ್ಕೆ ಎಂಟು ಸ್ಕ್ರೂ, ಅದರ ಜೊತೆ ಉದ್ದಕ್ಕೂ ಗಮ್ಮು, ಡಬಲ್ ಗ್ಯಾರಂಟಿ. ನೋಡಿದವರೆಲ್ಲ ತಟ್ಟಿ ನೋಡಿ ಆಹಾ ಎಷ್ಟು ಗಟ್ಟಿ ಅಂದ್ರು, ನಾನೂ ಉಬ್ಬಿ ಹೋದೆ. ಕೆಲಸ ಮುಗಿದಾಗ ಮಳೆಗಾಲ, ಇದು ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಪೆಟ್ಟಿಗೇನ ಮಂಚದ ಕಾಲ ಹತ್ರ ಇಟ್ವಿ. ಮಳೆ ಹೋಯ್ತು, ಒಣ ಚಳಿ ಬಂತು. ಒಂದಿನ ರಾತ್ರಿ ಎರಡೂವರೆ ಹೊತ್ತಿಗೆ ಫಟ್ ಅಂತ ಸದ್ದು, ಯಾರೋ ದೊಣ್ಣೆ ಮುರಿದ ಹಾಗೆ. ಇಬ್ರೂ ಎದ್ದು ಕೂತ್ವಿ. ನಮ್ಮನೆಯವಳು ಕಳ್ಳ ಅಂದ್ಳು. ನಾನು ಟಾರ್ಚ್ ತಗೊಂಡು, ಇನ್ನೊಂದು ಕೈಯಲ್ಲಿ ಕೊಡತಿ ಹಿಡ್ಕೊಂಡು, ಅಡುಗೆಮನೆ ನೋಡ್ದೆ, ಬಚ್ಚಲುಮನೆ ನೋಡ್ದೆ, ಕಿಟಕಿ ಒಂದೊಂದೂ ತಳ್ಳಿ ನೋಡ್ದೆ, ಮಹಡಿ ಮೇಲೆ ಹೋಗಿ ನೀರಿನ ಟ್ಯಾಂಕ್ ಏನಾದ್ರೂ ಒಡೀತಾ ಅಂತ ಅದನ್ನೂ ನೋಡ್ದೆ. ಏನೂ ಇಲ್ಲ. ಬೆಕ್ಕಿರಬೇಕು ಅಂತ ಬೆಕ್ಕಿನ ಮೇಲೆ ಹಾಕಿ ಮಲಗಿದ್ವಿ. ಬೆಳಗ್ಗೆ ಕಂಬಳಿ ಮಡಚಿ ಒಳಗಿಡೋಣ ಅಂತ ಮುಚ್ಚಳದ ಮೇಲೆ ಕೈ ಇಟ್ರೆ ಬೆರಳಿಗೆ ಏನೋ ಗೀರು ಸಿಕ್ತು. ಒಂದು ತುದಿಯಿಂದ ಹೆಚ್ಚುಕಡಿಮೆ ನಡುವಿನ ತನಕ ಸೀಳು, ಒಂದು ನಾಣ್ಯ ನಿಲ್ಲಿಸಬಹುದಾಗಿತ್ತು ಅದ್ರಲ್ಲಿ. ಕಳ್ಳ ನಮ್ಮ ಕಾಲ ಹತ್ರಾನೇ ಇದ್ದ.

ಇಲ್ಲಿಗೇ ನಿಲ್ಲಿಸಿದ್ರೆ ನಾನು ಜಾಣ. ನಾನೇನ್ಮಾಡ್ದೆ, ಮರದ ಪುಡಿಗೆ ಗಮ್ಮು ಕಲಸಿ ಆ ಸೀಳಿಗೆ ಮೆತ್ತಿದೆ, ಉಪ್ಪು ಕಾಗದದಲ್ಲಿ ಉಜ್ಜಿದೆ, ಪಾಲಿಶ್ ಹೊಡೆದೆ, ಗೊತ್ತೇ ಆಗ್ಬಾರ್ದು ಹಾಗೆ. ಮತ್ತೆ ಮಳೆಗಾಲ ಬಂತು. ಹಲಗೆ ಹಿಗ್ಗೋಕೆ ನೋಡುತ್ತೆ, ಸೀಳಿನ ಜಾಗದಲ್ಲಿ ಕಲ್ಲಿನ ಥರ ಮೆತ್ತಿದೀನಿ, ಎಲ್ಲಿಗೆ ಹೋಗ್ಬೇಕು ಅದು? ನಡುವೆ ಉಬ್ಬಿ ಮುಚ್ಚಳ ದೋಣಿ ಆಯ್ತು, ಒಂದು ಮೂಲೆ ಒತ್ತಿದ್ರೆ ಇನ್ನೊಂದು ಮೂಲೆ ಏಳೋದು. ಅದರ ಮುಂದಿನ ಚಳಿಗೆ ಹಳೇ ಸೀಳಿನ ಪಕ್ಕದಲ್ಲೇ ಹೊಸ ಸೀಳು. ಆಗ ನಂಗೆ ಸಿಟ್ಟು ನೆತ್ತಿಗೇರಿ, ಹಲಗೆ ಕೊಟ್ಟವರ ಹತ್ರ ಹೋಗಿ ಹಸಿ ಮರ ಕೊಟ್ಟು ಮೋಸ ಮಾಡಿದ್ರಿ ಅಂತ ನಾಲ್ಕು ಜನರ ಮುಂದೆ ಕೂಗಾಡ್ದೆ. ಅವರು ಪೂರ್ತಿ ಕೇಳಿಸ್ಕೊಂಡು ಒಂದೇ ಪ್ರಶ್ನೆ ಕೇಳಿದ್ರು, ಅಡ್ಡಪಟ್ಟಿಗೆ ಗಮ್ ಹಾಕಿದ್ರಾ? ಹೂಂ ಹಾಕ್ದೆ, ಚೆನ್ನಾಗೇ ಹಾಕ್ದೆ ಅಂದೆ. ಅವರು ಬೇರೆ ಗಿರಾಕಿ ಕಡೆ ತಿರುಗಿಬಿಟ್ರು.

ಅರ್ಥ ಆಯ್ತಲ್ಲ? ಪಟ್ಟಿ ಅಡ್ಡ ಇದೆ, ಅದರ ಕಡ್ಡಿಗಳು ಮುಚ್ಚಳದ ಅಗಲದ ಉದ್ದಕ್ಕೆ ಮಲಗಿವೆ, ಹಾಗಾಗಿ ಪಟ್ಟಿ ಆ ದಿಕ್ಕಿಗೆ ಒಂದಿಷ್ಟೂ ಕುಗ್ಗಲ್ಲ. ಮುಚ್ಚಳ ಅದೇ ದಿಕ್ಕಿಗೆ ನಾಲ್ಕೈದು ಮಿಲಿಮೀಟರ್ ಕುಗ್ಗಬೇಕು. ಎರಡನ್ನೂ ನಾನು ಗಮ್ ಹಾಕಿ, ಎಂಟೆಂಟು ಸ್ಕ್ರೂ ಹೊಡೆದು ಕಟ್ಟಿ ಹಾಕಿದೀನಿ. ಒಂದು ಬರಲ್ಲ ಅನ್ನುತ್ತೆ, ಇನ್ನೊಂದು ಹೋಗ್ಲೇಬೇಕು ಅನ್ನುತ್ತೆ, ಎಲ್ಲಿ ಬಲ ಕಮ್ಮಿಯೋ ಅಲ್ಲಿ ಹರೀಬೇಕು ತಾನೆ. ನಾನು ಕೆಲಸ ಗಟ್ಟಿ ಮಾಡ್ದಷ್ಟೂ ಸೀಳೋದೇ ಗ್ಯಾರಂಟಿ ಆಯ್ತು. ಆ ಪಟ್ಟಿಗಳನ್ನ ಉಳಿಯಲ್ಲಿ ಎಬ್ಬಿಸೋಕೆ ಅರ್ಧ ದಿನ ಹಿಡೀತು, ಅಷ್ಟು ಚೆನ್ನಾಗಿ ಅಂಟಿಸಿದ್ದೆ.

ಆಮೇಲೆ ಸೀಳಿದ ಕಡೆ ಕುಯ್ದು, ಅಂಚು ನೇರ ಮಾಡಿ, ಒಂದು ಚೂರು ಸೇರ್ಸಿ ಮತ್ತೆ ಅಂಟಿಸಿದೆ. ಪಟ್ಟಿಗೆ ಗಮ್ ಹಾಕಲೇ ಇಲ್ಲ. ನಡುವಿನ ಸ್ಕ್ರೂಗೆ ಮಾತ್ರ ಸಾಮಾನ್ಯ ದುಂಡು ತೂತು, ಅದರ ಎರಡೂ ಕಡೆ ಉದ್ದ ತೂತು, ಶರ್ಟಿನ ಕಾಜಾ ಇರುತ್ತಲ್ಲ ಹಾಗೆ, ಮುಚ್ಚಳದ ಅಗಲದ ದಿಕ್ಕಿಗೆ. ನಾಲ್ಕು ಮಿಲಿಮೀಟರ್ ಸ್ಕ್ರೂ ಆದ್ರೆ ಹತ್ತು ಮಿಲಿಮೀಟರ್ ಉದ್ದದ ತೂತು, ತಲೆ ಕೆಳಗೆ ಒಂದು ವಾಷರ್, ಬಿಗಿ ಮಾಡಿ, ಆದ್ರೆ ಹಲ್ಲು ಕಚ್ಚಿ ತಿರುಗಿಸ್ಬೇಡಿ. ಪಟ್ಟಿ ಮುಚ್ಚಳ ಬಾಗದ ಹಾಗೆ ಹಿಡ್ಕೊಳ್ಳುತ್ತೆ, ಮುಚ್ಚಳ ಮಾತ್ರ ಹಿಗ್ಗಿ ಕುಗ್ಗಿ ಸ್ಕ್ರೂ ಸಮೇತ ತೂತಿನೊಳಗೆ ಓಡಾಡ್ಕೊಂಡಿರುತ್ತೆ. ಅದನ್ನ ನೋಡೇಬಿಡೋಣ ಅಂತ ಪಟ್ಟಿ ತುದಿಗೂ ಮುಚ್ಚಳದ ಅಂಚಿಗೂ ಎಷ್ಟು ಅಂತರ ಇದೆ ಅಂತ ತಿಂಗಳಿಗೊಂದು ಸಲ ಅಳೆದು, ಮುಚ್ಚಳದ ಒಳಗಡೇನೇ ಪೆನ್ಸಿಲಲ್ಲಿ ಬರೀತಾ ಹೋದೆ. ಒಂದು ವರ್ಷಕ್ಕೆ ಎರಡೂ ಅಂಚಿನದು ಸೇರಿಸಿದ್ರೆ ಐದು ಮಿಲಿಮೀಟರ್ ವ್ಯತ್ಯಾಸ. ಆ ಬರಹ ಈಗಲೂ ಇದೆ, ಮನೆಗೆ ಬಂದವರಿಗೆ ಕಂಬಳಿ ತೆಗೆಯೋ ನೆಪದಲ್ಲಿ ತೋರಿಸ್ತೀನಿ, ನಮ್ಮನೆಯವಳು ಒಳಗೆ ಎದ್ದು ಹೋಗ್ತಾಳೆ.

ಮೂರು ಕೋಟ್ ವಾರ್ನಿಶ್ ಹೊಡೆದ್ರೆ ಮರ ಅಲ್ಲಾಡಲ್ಲ ಅಲ್ವಾ ಸಾರ್ ಅಂತ ಎಲ್ಲಿ ಹೋದ್ರೂ ಯಾರಾದ್ರೂ ಒಬ್ರು ಕೇಳ್ತಾರೆ. ಅಲ್ಲಾಡುತ್ತೆ. ವಾರ್ನಿಶ್ ತೇವ ಒಳಗೆ ಹೋಗೋದನ್ನ ನಿಧಾನ ಮಾಡುತ್ತೆ, ನಿಲ್ಲಿಸಲ್ಲ. ನೂರು ವರ್ಷ ಹಳೇ ಮರ ಆದ್ರೆ? ಅದೂ ಅಲ್ಲಾಡುತ್ತೆ. ದಯವಿಟ್ಟು ದಾರಿ ಹುಡುಕೋದು ಬಿಟ್ಟು ಜಾಗ ಬಿಡಿ.

ಯುರೋಪಲ್ಲಿ, ಆಮೇಲೆ ಅಮೆರಿಕದಲ್ಲಿ, ಶತಮಾನಗಳ ಕಾಲ ಆರು ಹಲಗೆ ಪೆಟ್ಟಿಗೆ ಅಂತ ಮಾಡ್ತಿದ್ರು. ಪಕ್ಕದ ಎರಡು ಹಲಗೆಗಳನ್ನ ನಿಲ್ಲಿಸಿ, ಅದರ ಕೆಳತುದೀನೇ ಕಾಲು ಮಾಡಿ, ಮುಂದೆ ಹಿಂದೆ ಮಲಗಿಸಿದ ಹಲಗೆ ತಂದು ಮೊಳೆ ಹೊಡೆಯೋದು. ಸುಲಭದ ಕೆಲಸ, ನೋಡೋಕೂ ಚೆಂದ. ಆದ್ರೆ ಒಂದು ಹಲಗೆ ಕಡ್ಡಿಗಳು ನಿಂತಿವೆ, ಇನ್ನೊಂದರದ್ದು ಮಲಗಿವೆ, ಮತ್ತೆ ಅದೇ ಜಗಳ. ಮೊಳೆ ಸ್ವಲ್ಪ ಬಗ್ಗಿ ಕೊಡುತ್ತೆ ಅಂತ ಎಷ್ಟೋ ಪೆಟ್ಟಿಗೆ ಉಳ್ಕೊಂಡಿವೆ, ಮುಂದಿನ ಹಲಗೆ ಸೀಳಿರೋವೂ ಬೇಕಾದಷ್ಟಿವೆ. ಹೊಸಬರು ಆ ತಂಟೆಗೇ ಹೋಗ್ಬೇಡಿ. ನಾಲ್ಕೂ ಗೋಡೆಯ ಎಳೆಗಳು ನೆಲಕ್ಕೆ ಸಮವಾಗಿ, ಅಡ್ಡಡ್ಡ ಮಲಗಿರ್ಲಿ. ಆಗ ಹಿಗ್ಗಿದ್ರೆ ನಾಲ್ಕೂ ಒಟ್ಟಿಗೆ ಮೇಲಕ್ಕೆ ಹಿಗ್ಗುತ್ತೆ, ಜಗಳಾನೇ ಇಲ್ಲ.

ಸರಿ, ಕೆಲಸಕ್ಕೆ ಬರೋಣ, ಗಡಿಯಾರ ನೋಡಿದ್ರೆ ನಂಗೇ ಗಾಬರಿ ಆಗ್ತಿದೆ. 18ರಿಂದ 20 ಮಿಲಿಮೀಟರ್ ದಪ್ಪದ, ಒಣಗಿದ, ಗಂಟು ಕಮ್ಮಿ ಇರೋ ಹಲಗೆ ತನ್ನಿ. ತಂದ ದಿನಾನೇ ಕುಯ್ಯಬೇಡಿ, ನಡುನಡುವೆ ಸಣ್ಣ ರಿಪೀಸು ಕೊಟ್ಟು ಗಾಳಿ ಆಡೋ ಹಾಗೆ ಜೋಡ್ಸಿ, ಎರಡು ವಾರ ಪೆಟ್ಟಿಗೆ ಇಡೋ ರೂಮಲ್ಲೇ ಬಿಡಿ. ಅಗಲಕ್ಕೆ ಹಲಗೆ ಅಂಟಿಸುವಾಗ ಅಂಚು ಅಂಚಿಗೆ ಬೆಳಕು ತೂರದ ಹಾಗೆ ಕೀಸುಳಿ ಹಾಕಿ, ಮಾಮೂಲಿ ಬಿಳಿ ಗಮ್ಮು ಸಾಕು, ಅಂಚಿಗೆ ಅಂಚು ಸೇರಿದ ಕಡೆ ಅದು ಮರಕ್ಕಿಂತ ಗಟ್ಟಿ ಆಗುತ್ತೆ, ಒಂದು ಗಂಟೆ ಕ್ಲ್ಯಾಂಪಲ್ಲಿ ಬಿಟ್ಟು ಒಂದು ದಿನ ಮುಟ್ಟಬೇಡಿ. ಈ ಅಂಟು ಹಾಕ್ಬಹುದಾ ಅಂತ ಕೇಳ್ಬೇಡಿ, ಇಲ್ಲಿ ಎರಡರ ಕಡ್ಡಿನೂ ಒಂದೇ ದಿಕ್ಕಿಗಿದೆ, ಧಾರಾಳವಾಗಿ ಹಾಕಿ.

ಮೂಲೆಗೆ, ಮುಂದಿನ ಹಿಂದಿನ ಹಲಗೆಯ ತುದೀಲಿ ಒಳಗಡೆಯಿಂದ ಮೆಟ್ಟಿಲಿನ ಥರ ಒಂದು ಕಚ್ಚು ತೆಗೀರಿ, ಅಗಲ ಪಕ್ಕದ ಹಲಗೆ ದಪ್ಪದಷ್ಟು, ಆಳ ಹಲಗೆ ದಪ್ಪದಲ್ಲಿ ಅರ್ಧ. ಪಕ್ಕದ ಹಲಗೆ ಅದ್ರಲ್ಲಿ ಬಂದು ಕೂರುತ್ತೆ, ತುದಿಗೆ ಗಮ್ಮು ಅಷ್ಟಾಗಿ ಹಿಡಿಯಲ್ಲ, ಹಾಗಾಗಿ ಜೊತೆಗೆ ಸ್ಕ್ರೂ, ಇಲ್ಲಾಂದ್ರೆ ಮರದ ಗೂಟ. ಕ್ಲ್ಯಾಂಪ್ ಬಿಗಿ ಮಾಡೋ ಮುಂಚೆ ಮೂಲೆಯಿಂದ ಮೂಲೆಗೆ ಟೇಪ್ ಹಿಡೀರಿ, ಎರಡು ಕರ್ಣಾನೂ ಒಂದೇ ಬಂದ್ರೆ ಪೆಟ್ಟಿಗೆ ಸರಿ ಇದೆ, ಬರ್ಲಿಲ್ಲ ಅಂದ್ರೆ ಉದ್ದ ಇರೋ ಕಡೆಯಿಂದ ಒತ್ತಿ. ತಳಕ್ಕೆ ಪ್ಲೈವುಡ್ ಹಾಕಿ, ಅದ್ರಲ್ಲಿ ಒಂದು ಪದರ ಉದ್ದ ಒಂದು ಪದರ ಅಡ್ಡ ಇರೋದ್ರಿಂದ ಅದು ಅಲ್ಲಾಡಲ್ಲ. ಪೂರ್ತಿ ಪೆಟ್ಟಿಗೇನೇ ಪ್ಲೈವುಡ್ಡಲ್ಲಿ ಮಾಡಿದ್ರೆ ಈ ರಗಳೇನೇ ಇಲ್ವಲ್ಲ ಅಂದ್ರೆ, ಇಲ್ಲ, ಮಾಡ್ಕೊಳ್ಳಿ, ನಾನು ಬಂದು ನೋಡಲ್ಲ ಅಷ್ಟೇ. ನೆಲದಿಂದ ಎರಡು ಮೂರು ಸೆಂಟಿಮೀಟರ್ ಎತ್ತರಕ್ಕೆ ಸಣ್ಣ ಕಾಲು ಕೊಡಿ, ಕೆಳಗೆ ಗಾಳಿ ಆಡ್ಲಿ.

ಹಿಂಜಸ್ ಹಿಂದೆ ಬರುತ್ತೆ, ಅಂದ್ರೆ ಮುಚ್ಚಳದ ಹಿಂದಿನ ಅಂಚು ಅಲ್ಲೇ ಕಚ್ಕೊಂಡಿರುತ್ತೆ, ಹಿಗ್ಗೋದೆಲ್ಲ ಮುಂದಕ್ಕೇ ಬರ್ಬೇಕು. ಹಾಗಾಗಿ ಮುಂದೆ ಒಂದೂವರೆ ಸೆಂಟಿಮೀಟರ್ ಆದ್ರೂ ಮುಚ್ಚಳ ಚಾಚಿರ್ಲಿ. ಅಡ್ಡಪಟ್ಟಿಗಳು ಪೆಟ್ಟಿಗೆ ಒಳಗೆ ಇಳಿಯೋ ಹಾಗಿದ್ರೆ ಮುಂದಿನ ಗೋಡೆಗೆ ತಾಗದ ಹಾಗೆ ಒಂದು ಬೆರಳು ಚಿಕ್ಕದು ಮಾಡಿ. ನೋಡಿ, ಅಲ್ಲೂ ಜಾಗ ಬಿಡೋದೇ.

ಪಾಲಿಶ್ ಬಗ್ಗೆ ಒಂದು ಕಾರ್ಯಕ್ರಮಾನೇ ಬೇಕು, ಈಗ ಆಗಲ್ಲ. 120, ಆಮೇಲೆ 180 ನಂಬರಿನ ಉಪ್ಪು ಕಾಗದ, ಎಳೆ ಹೋದ ದಿಕ್ಕಿಗೆ. ಹೊರಗೆ ಏನು ಬೇಕಾದ್ರೂ ಹಚ್ಚಿ, ಒಳಗೆ ಮಾತ್ರ ಎಣ್ಣೆ ಹಚ್ಚಬೇಡಿ, ಮುಚ್ಚಿದ ಪೆಟ್ಟಿಗೇಲಿ ಆ ವಾಸನೆ ತಿಂಗಳುಗಟ್ಟಲೆ ಕಂಬಳಿಗೆ ಅಂಟ್ಕೊಂಡಿರುತ್ತೆ. ಒಳಗೆ ಬರೀ ಮರ ಬಿಡಿ, ಇಲ್ಲಾಂದ್ರೆ ಅರಗಿನ ಪಾಲಿಶ್.

ಕೈ ಸನ್ನೆ ಮಾಡ್ತಿದಾರೆ, ಇರಿ, ಇದೊಂದು ಬಿಡೋಕಾಗಲ್ಲ. ಆ ಮುಚ್ಚಳ ಐದಾರು ಕಿಲೋ ತೂಗುತ್ತೆ, ಅದು ಧೊಪ್ ಅಂತ ಬೀಳದ ಹಾಗೆ ಹಿಡಿಯೋ ಸಪೋರ್ಟ್ ಸಿಗುತ್ತೆ, ಹಾಕ್ಸಿ. ಮುಚ್ಚಿದ ತಕ್ಷಣ ತಾನಾಗೇ ಬೀಳೋ ಚಿಲಕ ಮಾತ್ರ ಬೇಡವೇ ಬೇಡ. ಅಮೆರಿಕದಲ್ಲಿ ಅಂಥ ಚಿಲಕದ ಪೆಟ್ಟಿಗೆ ಒಳಗೆ ಆಡೋಕೆ ಹೋದ ಮಕ್ಕಳು ಉಸಿರುಗಟ್ಟಿ ತೀರ್ಕೊಂಡು, 1996ರಲ್ಲಿ ಸುಮಾರು 1 ಕೋಟಿ 20 ಲಕ್ಷ ಪೆಟ್ಟಿಗೆಗಳ ಚಿಲಕ ಬದಲಾಯಿಸಿ ಅಂತ ಹೇಳ್ಬೇಕಾಯ್ತು. ಹಿಂದಿನ ಹಲಗೇಲಿ ಮೇಲ್ಗಡೆ ನಾಲ್ಕು ದೊಡ್ಡ ತೂತು ಕೊರೀರಿ, ಮುಂದೆ ಮುಚ್ಚಳದ ಕೆಳಗೆ ಬೆರಳು ತೂರೋ ಅಷ್ಟು ಸಂದು ಇಡಿ.

ಆಮೇಲೆ ಅಗಸೆ ಎಣ್ಣೆ ಒರೆಸಿದ ಬಟ್ಟೇನ ಮುದ್ದೆ ಮಾಡಿ ಮೂಲೇಲಿ ಎಸೀಬೇಡಿ, ಅದು ತಾನಾಗೇ ಬಿಸಿಯಾಗಿ ಬೆಂಕಿ ಹತ್ಕೊಳ್ಳುತ್ತೆ, ಹೊರಗೆ ಬಿಡಿಸಿ ಹರವಿ ಒಣಗಿಸಿ. ಆಯ್ತು ಆಯ್ತು, ಮುಗೀತು. ನಮಸ್ಕಾರ.