‘ಟಸ್ಕ್’ ಮತ್ತು ಇನ್ನೂ ಒಂದಾಗದ ಅದರ ಕೇಳುಗರು

ಕೇಳುಗರಿಗೆ ನಮಸ್ಕಾರ.

1979ರ ಅಕ್ಟೋಬರ್‌ನಲ್ಲಿ ಫ್ಲೀಟ್‌ವುಡ್ ಮ್ಯಾಕ್ ಎಂಬ ರಾಕ್ ತಂಡದ ‘ಟಸ್ಕ್’ ಆಲ್ಬಮ್ ಹೊರಬಂದಾಗ, ಎರಡು ಎಲ್‌ಪಿಗಳ ಆ ಕಟ್ಟನ್ನು ಕೊಂಡು ತಂದವರಿಗೆ ಮೊದಲು ಕೇಳಿಸಿದ್ದು ಅವರು ಬಯಸಿದ್ದೇ ಆಗಿತ್ತು: ತಂಡದ ಗಾಯಕಿ ಕ್ರಿಸ್ಟೀನ್ ಮ್ಯಾಕ್‌ವೀ ಅವರ ‘ಓವರ್ ಅಂಡ್ ಓವರ್’, ನಾಲ್ಕೂವರೆ ನಿಮಿಷದ, ಯಾವ ಅವಸರವೂ ಇಲ್ಲದ ಮೆಲುದನಿಯ ಹಾಡು. ಅದು ಮುಗಿದ ಕೂಡಲೇ ತಂಡದ ಗಿಟಾರುವಾದಕ, ಗಾಯಕ ಲಿಂಡ್ಸೆ ಬಕಿಂಗ್‌ಹ್ಯಾಮ್ ಅವರ ‘ದ ಲೆಡ್ಜ್’ ಶುರುವಾಗುತ್ತದೆ. ಗುಡುಗುಡಿಸುವ ಗಿಟಾರು, ಡಬ್ಬಿ ಬಡಿದಂಥ ತಾಳ, ಯಾರೋ ಅಟ್ಟಿಸಿಕೊಂಡು ಬಂದಂತೆ ಓಡುವ ಮಾತುಗಳು. ಎರಡು ನಿಮಿಷ ದಾಟುವಷ್ಟರಲ್ಲಿ ಎಲ್ಲವೂ ಮುಗಿದುಹೋಗುತ್ತದೆ. ಪಾಯಸ ಉಣ್ಣುವಾಗ ಮೆಣಸಿನಕಾಯಿ ಕಚ್ಚಿದ ಹಾಗಾಯಿತೆಂದು ಅನೇಕರಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಕೇಳುಗರ ಜಗಳ ಅಲ್ಲಿಂದಲೇ ಆರಂಭವಾಯಿತು, ಇಂದಿಗೂ ತೀರಿಲ್ಲ.

ಈ ಜಗಳದ ಬೇರು ಹಿಂದಿನ ಆಲ್ಬಮ್‌ನಲ್ಲಿದೆ. 1977ರ ‘ರೂಮರ್ಸ್’ ಅಮೆರಿಕದ ಜನಪ್ರಿಯ ಆಲ್ಬಮ್‌ಗಳ ಪಟ್ಟಿಯಲ್ಲಿ 31 ವಾರ ಮೊದಲ ಸ್ಥಾನದಲ್ಲಿದ್ದು, ಕೋಟಿಗೂ ಮಿಕ್ಕಿ ಮಾರಾಟವಾಗಿತ್ತು. ಅದೇ ಅಚ್ಚಿನ ಇನ್ನೊಂದನ್ನು ಎಲ್ಲರೂ ನಿರೀಕ್ಷಿಸುತ್ತಿದ್ದಾಗ, ಪಂಕ್ ಮತ್ತು ನ್ಯೂ ವೇವ್ ಎಂಬ ಆಗಿನ ಹೊಸ ಬಗೆಯ ರಾಕ್ ಸಂಗೀತದಿಂದ ಕಲಕಿಹೋಗಿದ್ದ ಬಕಿಂಗ್‌ಹ್ಯಾಮ್ ಗೆದ್ದೆತ್ತಿನ ಬಾಲ ಹಿಡಿಯಲು ಒಪ್ಪಲಿಲ್ಲ. ಲಾಸ್ ಏಂಜಲೀಸ್‌ನ ಸ್ಟುಡಿಯೋದಲ್ಲಿ ತಂಡಕ್ಕೆ 10 ಲಕ್ಷ ಡಾಲರಿಗೂ ಹೆಚ್ಚು ಖರ್ಚಾಗುತ್ತಿದ್ದ ಕಾಲದಲ್ಲಿ ಆತ ತನ್ನ ಮನೆಯ ಬಚ್ಚಲಿನ ನೆಲದ ಮೇಲೆ ಮೈಕ್ ಇಟ್ಟು ಹಾಡಿ ಮುದ್ರಿಸಿಕೊಳ್ಳುತ್ತಿದ್ದರು. ಶೀರ್ಷಿಕೆ ಗೀತೆಗಾಗಿ ಒಂದು ವಿಶ್ವವಿದ್ಯಾಲಯದ ನೂರಕ್ಕೂ ಹೆಚ್ಚು ವಾದ್ಯಗಾರರ ಬ್ಯಾಂಡಿನಿಂದ ಡಾಜರ್ ಸ್ಟೇಡಿಯಂ ಎಂಬ ಬೇಸ್‌ಬಾಲ್ ಮೈದಾನದಲ್ಲಿ ನುಡಿಸಿದ್ದೂ ಇದೇ ಆಲ್ಬಮ್‌ನ ಕಥೆ.

ಮಾರಾಟ ಸುಮಾರು 40 ಲಕ್ಷಕ್ಕೆ ನಿಂತಿತು. ಬೇರೆ ತಂಡಕ್ಕಾಗಿದ್ದರೆ ಹಬ್ಬವಾಗುತ್ತಿತ್ತು. ಇವರಿಗೆ ಅದು ಸೋಲೆನಿಸಿತು. ಬಿಡುಗಡೆಗೆ ಮೊದಲೇ ರೇಡಿಯೋ ಕೇಂದ್ರಗಳು ಇಡೀ ಆಲ್ಬಮನ್ನು ಪ್ರಸಾರ ಮಾಡಿದ್ದರಿಂದ ಜನ ಅದನ್ನು ಕ್ಯಾಸೆಟ್ಟಿಗೆ ಇಳಿಸಿಕೊಂಡರೆಂದು ಡ್ರಮ್ಮರ್ ಮಿಕ್ ಫ್ಲೀಟ್‌ವುಡ್ ದೂರಿದ್ದುಂಟು. ಬಾನುಲಿಯಲ್ಲಿ ಕುಳಿತು ಈ ಮಾತನ್ನು ಹೇಳಲು ನನಗೆ ತುಸು ಮುಜುಗರವಾಗುತ್ತದೆ.

ಇಪ್ಪತ್ತು ಹಾಡುಗಳಲ್ಲಿ ಒಂಬತ್ತು ಬಕಿಂಗ್‌ಹ್ಯಾಮ್ ಅವರವು, ಆರು ಕ್ರಿಸ್ಟೀನ್ ಅವರವು, ಐದು ತಂಡದ ಇನ್ನೊಬ್ಬ ಗಾಯಕಿ ಸ್ಟೀವಿ ನಿಕ್ಸ್ ಅವರವು. ಒಂದು ಪಂಗಡದ ಕೇಳುಗರು ಆ ಒಂಬತ್ತನ್ನು ಅರೆಬೆಂದ ಅಡಿಗೆ ಎನ್ನುತ್ತಾರೆ. ಉಳಿದ ಹನ್ನೊಂದನ್ನು ಒಂದೇ ಎಲ್‌ಪಿಯಲ್ಲಿ ಕೊಟ್ಟಿದ್ದರೆ ಸಾಕಿತ್ತು ಎಂಬುದು ಅವರ ಅಳಲು. ಇನ್ನೊಂದು ಪಂಗಡಕ್ಕೆ ಆ ಒಂಬತ್ತೇ ಆಲ್ಬಮ್‌ನ ಜೀವ. ಕ್ಯಾಂಪರ್ ವ್ಯಾನ್ ಬೀಥೋವನ್ ಎಂಬ ತಂಡವಂತೂ ಇಡೀ ‘ಟಸ್ಕ್’ ಅನ್ನೇ ಮತ್ತೆ ಹಾಡಿ ಮುದ್ರಿಸಿತು. ಸಿ.ಡಿ.ಯಲ್ಲಿ ಮೊದಲು ಕೇಳಿದವರ ದೂರು ಬೇರೆಯೇ: ಎಲ್ಲವನ್ನೂ ಒಂದೇ ತಟ್ಟೆಗೆ ತುರುಕಲು ನಿಕ್ಸ್ ಅವರ ಆರು ನಿಮಿಷ ಮೀರಿದ ‘ಸಾರಾ’ ಹಾಡನ್ನು ಕತ್ತರಿಸಲಾಗಿತ್ತು. ಅಲೆಯ ಮೇಲೆ ಅಲೆಯಾಗಿ ಬರುವ ಹಿನ್ನೆಲೆ ದನಿಗಳೇ ಆ ಹಾಡಿನ ಸೊಗಸಾಗಿರುವಾಗ, ಅದನ್ನು ಮೊಟಕುಗೊಳಿಸಿದವರ ಮೇಲೆ ಸಿಟ್ಟು ಬರುವುದು ಸಹಜ.

ನನ್ನ ಮಟ್ಟಿಗೆ, ಬಕಿಂಗ್‌ಹ್ಯಾಮ್ ಅವರ ಹಾಡುಗಳೆಲ್ಲ ಉತ್ತಮವೆಂದು ಹೇಳಲಾರೆ. ‘ನಾಟ್ ದಟ್ ಫನ್ನಿ’ ಎರಡನೆಯ ಸಲವೇ ಕಿವಿಯನ್ನು ದಣಿಸುತ್ತದೆ. ಆದರೆ ದೂರುವವರು ಹೇಳುವಂತೆ ಆ ಒಂಬತ್ತನ್ನು ತೆಗೆದು, ಉಳಿದ ಹನ್ನೊಂದನ್ನೇ ಕ್ರಮವಾಗಿ ಜೋಡಿಸಿ ಒಂದು ಸಂಜೆ ಕೇಳಿ ನೋಡಿದೆ. ಏಳೆಂಟು ಹಾಡಾಗುವಷ್ಟರಲ್ಲಿ ಒಂದರ ಮೆಲುಪು ಇನ್ನೊಂದರಲ್ಲಿ ಕರಗಿ, ಯಾವುದು ಎಲ್ಲಿ ಮುಗಿಯಿತೆಂಬುದೇ ತಿಳಿಯದಾಯಿತು. ಮೂಲದಲ್ಲಿ ಡಾಜರ್ ಸ್ಟೇಡಿಯಮ್ಮಿನ ಆ ತುತ್ತೂರಿ, ನಗಾರಿಗಳ ಗದ್ದಲ ಅಡಗಿದ ಮೇಲೆ ಕೊನೆಗೆ ಕೇಳಿಬರುವ ಕ್ರಿಸ್ಟೀನ್ ಅವರ ‘ನೆವರ್ ಫರ್ಗೆಟ್’, ಜಾತ್ರೆ ಮುಗಿದು ಮನೆಯ ಜಗಲಿಗೆ ಬಂದು ಕೂತಂತಿರುತ್ತದೆ. ಅಂದು ಸಂಜೆ ನನ್ನ ಪಟ್ಟಿಯಲ್ಲಿ ಅದು ಹನ್ನೊಂದನೆಯ ಹಾಡಾಗಿ ಬಂತು, ಹೋಯಿತು.

ನಮಸ್ಕಾರ.