ಲೈಕ್ ಒತ್ತಿದವ್ರು ಜಾಗಕ್ಕೆ ಯಾಕೆ ಬರಲ್ಲ?

ಎಲ್ಲರಿಗೂ ನಮಸ್ಕಾರ. ಇವತ್ತು ಲೋಕಲ್ ವೆಬ್‌ಸೈಟ್‌ಗಳ ಬಗ್ಗೆ ಮಾತಾಡ್ಲೇಬೇಕು. ಶನಿವಾರ ಪಾರ್ಕ್ ಕ್ಲೀನಿಂಗ್ ಇದೆ ಬನ್ನಿ ಅಂತ ಸೈಟಲ್ಲಿ ಹಾಕ್ತಾರೆ, ನೂರಾರು ಜನ ನೋಡ್ತಾರೆ, ಲೈಕ್ ಒತ್ತುತ್ತಾರೆ, ಕೊನೆಗೆ ಜಾಗಕ್ಕೆ ಬರೋದು ಮತ್ತದೇ ನಾಲ್ಕು ಮುಖ. ಆಮೇಲೆ ಜನಕ್ಕೆ ಆಸಕ್ತಿನೇ ಇಲ್ಲ ಬಿಡಿ ಅಂತ ಕೈ ತೊಳ್ಕೊಂಡ್‌ಬಿಡ್ತಾರೆ. ನಾನಿದನ್ನ ಒಪ್ಪಲ್ಲ.

ಆಸಕ್ತಿ ಇಲ್ದೇ ಇರೋರು ಆ ಪೇಜ್ ಪೂರ್ತಿ ಯಾಕೆ ಓದ್ತಾರೆ ಹೇಳಿ? ಅವ್ರನ್ನ ತಡೆಯೋದು ಸಂಕೋಚ. ಒಬ್ಬಳೇ ಹೋದ್ರೆ ಯಾರನ್ನ ಮಾತಾಡಿಸ್ಲಿ, ಯಾವ ಗೇಟ್ ಹತ್ರ ನಿಲ್ಬೇಕು, ಮಳೆ ಬಂದ್ರೆ ಕ್ಯಾನ್ಸಲ್ಲಾ, ಮಗೂನ ಕರ್ಕೊಂಡ್ ಹೋಗ್ಬಹುದಾ, ಅರ್ಧಕ್ಕೇ ಹೊರಟ್ರೆ ಏನಾದ್ರೂ ಅಂದ್ಕೋತಾರಾ, ಹೀಗೆ ತಲೇಲಿ ಹತ್ತಾರು ಪ್ರಶ್ನೆ ಓಡ್ತಿರುತ್ತೆ, ಪೇಜಲ್ಲಿ ನೋಡಿದ್ರೆ ಒಂದು ಪೋಸ್ಟರ್, ಒಂದು ಡೇಟು, ಎಲ್ಲರಿಗೂ ಸ್ವಾಗತ ಅನ್ನೋ ಒಂದು ಸಾಲು, ಅಷ್ಟೇ!

ಪಾರ್ಕ್‌ರನ್ ಅನ್ನೋ ಓಟದ ಕಾರ್ಯಕ್ರಮ ನೋಡಿ. 2004ರಲ್ಲಿ ಲಂಡನ್ನಿನ ಬುಶಿ ಪಾರ್ಕಲ್ಲಿ 13 ಜನ ಓಡಿ ಶುರುವಾಗಿದ್ದು, ಇವತ್ತು ಎಷ್ಟೋ ದೇಶಗಳಲ್ಲಿ ವಾರವಾರ ನಡೀತಿದೆ, 5 ಕಿಲೋಮೀಟರ್, ಪೂರ್ತಿ ಫ್ರೀ. ಸೈಟಲ್ಲಿ ಒಂದೇ ಸಲ ರಿಜಿಸ್ಟರ್ ಆದ್ರೆ ಬಾರ್‌ಕೋಡ್ ಸಿಗುತ್ತೆ, ಅದನ್ನ ಹಿಡ್ಕೊಂಡು ಹೋದ್ರೆ ಸಾಕು, ಮೊದಲ ಸಲ ಬಂದವ್ರನ್ನ ಒಂದ್ಕಡೆ ಸೇರಿಸಿ ಎಲ್ಲಾ ವಿವರಿಸ್ತಾರೆ, ಓಡಿ ಮುಗಿಸಿದ್ಮೇಲೆ ವಾಲಂಟಿಯರ್ ಸ್ಕ್ಯಾನ್ ಮಾಡ್ತಾರೆ, ಆಮೇಲೆ ನಿಮ್ಮ ಹೆಸರು ಟೈಮಿಂಗ್ ಸಮೇತ ಸೈಟಲ್ಲಿ! ನಡ್ಕೊಂಡೇ ಮುಗಿಸಿದವ್ರದ್ದೂ ಬರುತ್ತೆ. ನನಗೆ ಇನ್ನೂ ಇಷ್ಟ ಆಗೋದು ಅವ್ರ ವಾಲಂಟಿಯರ್ ಲಿಸ್ಟು. ಮುಂದಿನ ವಾರಗಳಲ್ಲಿ ಯಾವ ಕೆಲಸಕ್ಕೆ ಜನ ಇದ್ದಾರೆ, ಯಾವುದು ಖಾಲಿ ಅಂತ ಯಾರು ಬೇಕಾದ್ರೂ ನೋಡ್ಬಹುದು. ಬಂದು ಸಹಾಯ ಮಾಡಿ ಅಂದ್ರೆ ಯಾರೂ ಅಲ್ಲಾಡಲ್ಲ, ಸ್ಕ್ಯಾನ್ ಮಾಡೋಕೆ ಒಬ್ರು ಬೇಕು ಅಂದ್ರೆ ಅದು ತನಗೇ ಹೇಳಿದ ಹಾಗಿರುತ್ತೆ.

ಬ್ರಿಟನ್ನಿನ ಫಿಕ್ಸ್‌ಮೈಸ್ಟ್ರೀಟ್ ಅನ್ನೋ ದೂರು ಕೊಡೋ ವೆಬ್‌ಸೈಟ್ ಕೂಡ ಹೀಗೇನೇ, 2007ರದ್ದು. ರಸ್ತೆ ಗುಂಡೀನ ಮ್ಯಾಪಲ್ಲಿ ಗುರುತು ಮಾಡಿದ್ರೆ ದೂರು ಸಂಬಂಧಪಟ್ಟ ಕೌನ್ಸಿಲ್‌ಗೆ, ಅಂದ್ರೆ ಅಲ್ಲಿನ ಸ್ಥಳೀಯ ಆಡಳಿತಕ್ಕೆ ಹೋಗುತ್ತೆ, ಜೊತೆಗೆ ಎಲ್ಲರಿಗೂ ಕಾಣೋ ಹಾಗೆ ಸೈಟಲ್ಲೂ ಇರುತ್ತೆ, ಕೆಲವು ವಾರ ಬಿಟ್ಟು ರಿಪೇರಿ ಆಯ್ತಾ ಅಂತ ದೂರು ಕೊಟ್ಟವ್ರನ್ನೇ ಕೇಳ್ತಾರೆ.

ನಮ್ಮ ಸೈಟ್‌ಗಳಲ್ಲಿ ಇಲ್ದೇ ಇರೋದು ಇದೇ ಕಣ್ರೀ, ಹೊರಗೆ ನಡೆದಿದ್ದು ವಾಪಸ್ ಸೈಟಿಗೆ ಬರೋದೇ ಇಲ್ಲ. ಕಾರ್ಯಕ್ರಮ ಮುಗೀತು, ಪೇಜ್ ಹಾಗೇ ಬಿದ್ದಿರುತ್ತೆ. ಎಷ್ಟು ಜನ ಬಂದ್ರು, ಏನೇನು ಕೆಲಸ ಆಯ್ತು, ಏನು ಬಾಕಿ, ಮುಂದೆ ಯಾವಾಗ, ಒಂದೂ ಇಲ್ಲ. ಇಷ್ಟು ಬರೆಯೋಕೆ ಹತ್ತು ನಿಮಿಷ ಸಾಕು, ದುಡ್ಡೂ ಬೇಡ. ಹೋದ ವರ್ಷದ ಡೇಟು ಇವತ್ತೂ ಮುಖಪುಟದಲ್ಲಿ ಇದ್ರೆ ಹೊಸಬ್ರು ಯಾವ ಧೈರ್ಯದ ಮೇಲೆ ಹೊರಡ್ಬೇಕು?

ಸೈಟ್ ನಡೆಸೋರು ವ್ಯೂಸ್ ಎಣಿಸೋದನ್ನ ಸ್ವಲ್ಪ ಬದಿಗಿಟ್ಟು, ಸೈಟ್ ನೋಡ್ಕೊಂಡು ಮೊದಲ ಸಲ ಎಷ್ಟು ಜನ ಬಂದ್ರು ಅಂತ ಬರೆದಿಟ್ಕೊಳ್ಳಿ. ಅವ್ರಲ್ಲಿ ಎಷ್ಟು ಜನ ಎರಡನೇ ಸಲಾನೂ ಬಂದ್ರು ಅನ್ನೋದನ್ನೂ.